ಮಸುಕು ಕೋಶದ ನಡಿಗೆ

ಆಗಸ್ಟ್ 11

ಅಕ್ಕಾ,

ಫೋನ್ ಬೇಡ, ಕಾಗದ ಬರಿ ಎಂದು ನೀನು ಅಪ್ಪಣೆ ಕೊಡಿಸಿದ ಮೇಲೆ ಈ ಊರಿನ ಅಂಚೆ ಕಚೇರಿಯನ್ನು ಹುಡುಕಿಕೊಂಡು ಹೋದೆ. ಲಕೋಟೆ ಕೇಳಿದರೆ ಕಿಟಕಿಯ ಹಿಂದಿನವರು "ಅರ್ಜಿ ಹಾಕೋಕಾ?" ಅಂದರು. "ಅಲ್ಲ, ಅಕ್ಕನಿಗೆ ಕಾಗದ" ಅಂದೆ. ಅವರು ಪಕ್ಕದವರನ್ನು ಕರೆದು ನನ್ನನ್ನು ತೋರಿಸಿದರು.

ಕಾಗದವಾದರೆ ಕಾಗದ. ಆದರೆ ಗಿಣಿಯ ಹರಟೆ ಇಲ್ಲದೆ ನನ್ನ ಕಿವಿ ತುಕ್ಕು ಹಿಡಿದಿದೆ. ಇಲ್ಲಿಗೆ ಬಂದ ಮೇಲೆ ಎಷ್ಟು ಸಲ ಫೋನ್ ಮಾಡಿದರೂ ನೀನೇ ಎತ್ತಿ "ಮಲಗಿದಾಳೆ ಕಣೇ" ಅನ್ನುತ್ತೀಯ. ಏಳು ವರ್ಷದ ನಿನ್ನ ಮಗಳು ಹೊತ್ತು ಮುಳುಗುವ ಮುಂಚೆಯೇ ಮಲಗುತ್ತಾಳಾ? ಚಿಕ್ಕಮ್ಮ ಬಿಟ್ಟು ಹೋದಳು ಅಂತ ಮುಖ ಊದಿಸಿಕೊಂಡಿದ್ದಾಳೆ, ನನಗೆ ಗೊತ್ತು.

ಅವಳಿಗೆ ತಿಳಿಯುವ ಹಾಗೆ ನನ್ನ ಕೆಲಸದ ಬಗ್ಗೆ ಬರಿ ಎಂದಿದ್ದೀಯ. ಓದಿ ಹೇಳು. ನಮ್ಮ ರಕ್ತದಲ್ಲಿ ಬಿಳಿ ಜೀವಕೋಶಗಳಿವೆ. ಮೊಣಕಾಲು ತರಚಿದರೆ ಅವು ಆ ಕಡೆಗೆ ತೆವಳಿಕೊಂಡು ಹೋಗುತ್ತವೆ. ಕಣ್ಣಿಲ್ಲ, ಕಿವಿಯಿಲ್ಲ, ದಾರಿ ಹೇಗೆ ಗೊತ್ತಾಗಬೇಕು? ಗಾಯದ ಕರೆ ಕೋಶದ ಯಾವ ಬದಿಗೆ ಹೆಚ್ಚು ತಾಗುತ್ತದೋ, ಆ ಬದಿಯ ಪೊರೆಯ ಒಳಮೈಯಲ್ಲಿ ಒಂದು ಬಗೆಯ ಕೊಬ್ಬಿನ ಕಣ ಹುಟ್ಟುತ್ತದೆ. ಹುಟ್ಟಿ, ಒಳಗಿರುವವರಿಗೆ ಒಂದು ಮಾತು ಹೇಳಿ, ಇಲ್ಲವಾಗುತ್ತದೆ. ಆ ಮಾತು ಏನು ಎಂದು ತಿಳಿಯುವುದೇ ನನ್ನ ಕೆಲಸ.

ಕಷ್ಟ ಏನೆಂದರೆ ಆ ಕಣ ಎಂಥ ಮೈಕ್ರೋಸ್ಕೋಪಿಗೂ ಕಾಣಿಸುವುದಿಲ್ಲ. ಆದರೆ ಅದು ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇದೆ. ಆ ಪ್ರೋಟೀನಿನ ಹಿಡಿಯುವ ಕೈಯನ್ನಷ್ಟೇ ತೆಗೆದುಕೊಂಡು, ಅದಕ್ಕೆ ಹಸಿರು ದೀಪ ಕಟ್ಟಿ, ಕೋಶದೊಳಗೆ ಬಿಡುತ್ತೇವೆ. ದೀಪವೂ ಪ್ರೋಟೀನೇ, ಸಮುದ್ರದ ಜೆಲ್ಲಿ ಮೀನಿನದು. ಮೊದಲು ಇಡೀ ಕೋಶ ಮಬ್ಬು ಹಸಿರಾಗಿರುತ್ತದೆ. ಕಣ ಹುಟ್ಟಿದ ಕೂಡಲೇ ದೀಪಗಳು ಆ ಅಂಚಿಗೆ ಹೋಗಿ ಅಂಟಿಕೊಳ್ಳುತ್ತವೆ, ಅಂಚು ಬೆಳಗುತ್ತದೆ. ನಾವು ಆ ಕಣವನ್ನು ನೋಡುವುದಿಲ್ಲ. ಅದನ್ನು ಹಿಡಿಯಲು ಬಂದವರನ್ನು ನೋಡುತ್ತೇವೆ.

ಮೈಕ್ರೋಸ್ಕೋಪಿನ ಕೋಣೆ ನೆಲಮಾಳಿಗೆಯಲ್ಲಿದೆ. ಕಪ್ಪು ಪರದೆ, ಕಿಟಕಿಯಿಲ್ಲ. ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಬಂದು ಕುಳಿತರೆ ಸ್ವಲ್ಪ ಹೊತ್ತು ನನ್ನ ಕೈಯೇ ನನಗೆ ಕಾಣದು. ಆಮೇಲೆ ಕತ್ತಲೆಯೊಳಗಿಂದ ಹಸಿರು ಅಂಚುಗಳು ಮೆಲ್ಲಗೆ ಏಳುತ್ತವೆ. ಕೆಲವೊಮ್ಮೆ ನಾನು ನೋಡುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ಎಂದು ಕಣ್ಣುಜ್ಜಿಕೊಳ್ಳುತ್ತೇನೆ. ಎರಡು ಚಿತ್ರ ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿ ಇಟ್ಟಿದ್ದೇನೆ, ಗಿಣಿಗೆ ಕೊಡು.

ಭಾವ ಹೇಗಿದ್ದಾರೆ? ನಾಟಕ ಕಂಪನಿಯ ದೀಪಗಳೆಲ್ಲ ಅವರ ಕೈಯಲ್ಲಿ, ಮಾತುಗಳೆಲ್ಲ ಪರದೆಯ ಮರೆಯಿಂದ ಎತ್ತಿಕೊಡುವ ನಿನ್ನ ಬಾಯಲ್ಲಿ. ನಟರು ಪಾಪ ಏನು ಮಾಡುತ್ತಾರೋ.

ನಿನ್ನ ಪುಟ್ಟಿ

*

ಆಗಸ್ಟ್ 29

ಪುಟ್ಟಿ,

ಚಿತ್ರ ತಲುಪಿತು. ಗಿಣಿ ಎರಡನ್ನೂ ಅಡುಗೆಮನೆ ಕಿಟಕಿಯ ಗಾಜಿಗೆ ಅಂಟಿಸಿದ್ದಾಳೆ. ಬೆಳಗಿನ ಬೆಳಕು ಅದರ ಹಿಂದಿನಿಂದ ಬಂದಾಗ ನನ್ನ ಪಾತ್ರೆಗಳ ಮೇಲೆಲ್ಲ ಹಸಿರು ಬೀಳುತ್ತದೆ. ತುಂಬ ಹೊಳೆಯುವುದಕ್ಕೆ "ರಾಣಿ" ಎಂದು ಹೆಸರಿಟ್ಟಿದ್ದಾಳೆ. "ಇನ್ನೂ ಹೊಳೆಯೋದು ಕಳ್ಸೋಕೆ ಹೇಳಮ್ಮ" ಅನ್ನುತ್ತಾಳೆ. ಕಳಿಸು.

ಫೋನಿನ ವಿಷಯ. ಮುಚ್ಚಿಡುವುದೇನಿದೆ, ಇವತ್ತಲ್ಲ ನಾಳೆ ನಿನಗೆ ತಿಳಿಯುತ್ತದೆ. ಗಿಣಿ ಮನೆಯಿಂದ ಹೊರಗೆ ಮಾತಾಡುವುದನ್ನು ಬಿಟ್ಟಿದ್ದಾಳೆ. ಒಳಗಿದ್ದರೆ ಅದೇ ಹಳೆಯ ಗಿಣಿ, ನಿದ್ದೆಯಲ್ಲೂ ಬಾಯಿ ನಿಲ್ಲದು. ಹೊಸಿಲು ದಾಟಿದಳೋ, ತುಟಿ ಪಿಟಕ್ ಅನ್ನುವುದಿಲ್ಲ. ಈ ಹೊಸ ಶಾಲೆಗೆ ಸೇರಿದಾಗಿನಿಂದ ಹೀಗೆ. ಫೋನ್ ಕಿವಿಗೆ ಹಿಡಿದರೂ ಅಷ್ಟೇ, ಕಣ್ಣು ಅಗಲ ಮಾಡಿಕೊಂಡು ನಿನ್ನ ಮಾತು ಕೇಳುತ್ತಾಳೆ, ಒಂದು ಹೂಂ ಕೂಡ ಬರುವುದಿಲ್ಲ. ನೀನು ಬೇಜಾರು ಮಾಡಿಕೊಳ್ಳುತ್ತೀಯೆಂದು ಮಲಗಿದ್ದಾಳೆ ಅಂದೆ.

ವೈದ್ಯರು ಗಂಟಲು, ಕಿವಿ ಎಲ್ಲ ಸರಿಯಿದೆ ಅಂದರು. ಶಾಲೆಯ ದೊಡ್ಡ ಟೀಚರ್ ಕರೆಸಿ ಹೇಳಿದ್ದಾರೆ: ಈ ಶಾಲಾ ವರ್ಷ ಮುಗಿಯುವುದರೊಳಗೆ ತರಗತಿಯಲ್ಲಿ ಬಾಯಿ ಬಿಡದಿದ್ದರೆ ಬೇರೆ ಊರಿನ ಶಾಲೆಗೆ ಸೇರಿಸಬೇಕಂತೆ. ಇಂಥ ಮಕ್ಕಳಿಗೆಂದೇ ಇರುವ ಶಾಲೆ. ಅಲ್ಲೇ ಊಟ, ಅಲ್ಲೇ ಮಲಗುವುದು. ನನ್ನ ಕೂಸನ್ನು ಎಲ್ಲಿಗೋ ಕಳಿಸುವ ಮಾತು ಕೇಳಿದಾಗಿನಿಂದ ರಾತ್ರಿ ಎದ್ದೆದ್ದು ಅವಳ ಹೊದಿಕೆ ಸರಿಮಾಡುತ್ತೇನೆ ಪುಟ್ಟಿ.

ಆದರೆ ನಾನಿದ್ದೇನಲ್ಲ. ಅಂಗಡಿಯವನು ಕೇಳಿದರೆ ನಾನು ಹೇಳುತ್ತೇನೆ, ಪಕ್ಕದ ಮನೆಯವರು ಕೇಳಿದರೆ ನಾನು ಹೇಳುತ್ತೇನೆ. ಅವಳಿಗೆ ನಾಚಿಕೆಯಾಗಲು ನಾನು ಬಿಟ್ಟೇ ಇಲ್ಲ.

ಅಕ್ಕ

*

ಸೆಪ್ಟೆಂಬರ್ 21

ಅಕ್ಕಾ,

ಮೊದಲು ಗಿಣಿಯ ವಿಷಯ. ನೀನು ಅದನ್ನು ಬೆಟ್ಟ ಮಾಡಿಕೊಂಡಿದ್ದೀಯ. ನಾಚಿಕೆ ಕಣೇ, ಬೆಳೆಯುತ್ತಾ ತಾನೇ ಹೋಗುತ್ತದೆ. ಚಿಕ್ಕವಳಿದ್ದಾಗ ನಾನೂ ನಿನ್ನ ಬೆನ್ನ ಹಿಂದೆ ನಿಂತುಕೊಂಡು ನಿನ್ನ ಕೈಯಲ್ಲೇ ಎಲ್ಲ ಹೇಳಿಸುತ್ತಿರಲಿಲ್ಲವಾ? ದೊಡ್ಡ ಟೀಚರ್ ಸುಮ್ಮನೆ ಹೆದರಿಸುತ್ತಾರೆ.

ಈಗ ನನ್ನ ಸುದ್ದಿ, ಕುಳಿತುಕೊಂಡು ಓದು. ಇನ್ನೂ ಹೊಳೆಯುವುದು ಬೇಕು ಎಂದು ಗಿಣಿ ಹೇಳಿದ್ದಳಲ್ಲ, ದೀಪದ ಪ್ರೋಟೀನ್ ಹೆಚ್ಚು ತಯಾರಾಗುವ ಹಾಗೆ ಮಾಡಿದೆ. ಈಗ ಒಂದೊಂದು ಕೋಶವೂ ರಾಣಿಯನ್ನು ಮೀರಿಸುತ್ತದೆ. ಅಂಥದ್ದನ್ನೇ ಆರಿಸಿ, ಗಾಯದ ಕರೆ ಕೊಟ್ಟು, ಕಾದು ನೋಡಿದೆ. ಅಂಚು ಝಗ್ ಅಂತ ಹತ್ತಿಕೊಂಡಿತು. ಆದರೆ ಕೋಶ ನಿಂತುಬಿಟ್ಟಿತು! ಎಲ್ಲೂ ಹೋಗಲಿಲ್ಲ. ಇನ್ನೊಂದು ನೋಡಿದೆ, ಅದೂ ನಿಂತಿತು. ಈ ಕಣ "ಈ ಕಡೆ ನಡಿ" ಎಂದು ಹೇಳುತ್ತದೆ ಎಂದು ಇಲ್ಲಿಯವರೆಗೆ ಎಲ್ಲರೂ ನಂಬಿದ್ದರು. ನನ್ನ ಕಣ್ಣ ಮುಂದೆ ಅದು "ನಿಲ್ಲು" ಅನ್ನುತ್ತಿದೆ.

ನಮ್ಮ ಲ್ಯಾಬಿನ ಮೇಡಂ ಕತ್ತಲೆಯಲ್ಲಿ ನನ್ನ ಪಕ್ಕ ಕುಳಿತು ನೋಡಿದರು. ಅವರು ಸುಲಭಕ್ಕೆ ಹೊಗಳುವವರಲ್ಲ. ಎದ್ದು ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಅಕ್ಕಾ, ಮನೆಗೆ ನಡೆದುಕೊಂಡು ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ರಸ್ತೆಯ ದೀಪ, ಬಸ್ಸಿನ ಕಿಟಕಿ, ಮಹಡಿಯ ಮೇಲೆ ಯಾರೋ ಒಣಹಾಕಿದ ಬಟ್ಟೆಯ ಅಂಚು, ಎಲ್ಲ ಹಸಿರಾಗಿ ಕಂಡವು.

ಇನ್ನೂ ನಾಲ್ಕು ರಾಣಿಯರನ್ನು ಕಳಿಸಿದ್ದೇನೆ.

ಪುಟ್ಟಿ

*

ಅಕ್ಟೋಬರ್ 17

ಪುಟ್ಟಿ,

ನಿನ್ನ ಸುದ್ದಿ ಓದಿ ಕಣ್ಣು ತುಂಬಿ ಬಂತು. ನಿನ್ನ ಭಾವ ಕಂಪನಿಯವರಿಗೆಲ್ಲ ಸಿಹಿ ಹಂಚಿದರು, ಏನಕ್ಕೆ ಎಂದು ಕೇಳಿದರೆ "ನನ್ನ ನಾದಿನಿ ಕೊಬ್ಬನ್ನ ನಿಲ್ಲಿಸಿದಾಳೆ" ಅಂದರಂತೆ. ಹೊಟ್ಟೆ ಸವರಿಕೊಂಡು ನಕ್ಕರಂತೆ ಎಲ್ಲರೂ.

ಕಿಟಕಿಯಲ್ಲಿ ಈಗ ಜಾಗವಿಲ್ಲ. ಗಿಣಿ ರಾಣಿಯರ ಮುಂದೆ ಕುಳಿತು ಏನೇನೋ ಕಥೆ ಕಟ್ಟುತ್ತಾಳೆ. ನಾನು ಹತ್ತಿರ ಹೋದರೆ ನಿಲ್ಲಿಸುತ್ತಾಳೆ. ಮೊದಲು ಹಾಗೆ ನಿಲ್ಲಿಸುತ್ತಿರಲಿಲ್ಲ.

ನಾಚಿಕೆ ಅಂತ ಬರೆದಿದ್ದೀಯ. ದೂರದಲ್ಲಿ ಕುಳಿತು ಬರೆಯುವುದು ಸುಲಭ. ನಾನು ದೊಡ್ಡ ಟೀಚರ್ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಕೇಳಿಕೊಂಡು ತರಗತಿಯಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕೂರಲು ಒಪ್ಪಿಗೆ ತಂದಿದ್ದೇನೆ. ಟೀಚರ್ ಏನಾದರೂ ಕೇಳಿದ ಕೂಡಲೇ ಹಿಂದಿನಿಂದ ಉತ್ತರ ಪಿಸುಗುಡುತ್ತೇನೆ. ಸಾಲು ಸಾಲು ನಟರಿಗೆ ಮಾತು ಕೊಟ್ಟ ಬಾಯಿ ಇದು, ನನ್ನ ಮಗಳಿಗೆ ಕೊಡಲಾರದಾ? ಅವಳು ನಾನು ಹೇಳಿದ್ದನ್ನೂ ಹೇಳುವುದಿಲ್ಲ, ಅದು ಬೇರೆ ಮಾತು. ಆದರೆ ನಾನಿರುವಾಗ ಯಾರೂ ನಗುವುದಿಲ್ಲ.

ಕಂಪನಿಯಲ್ಲೂ ಒಂದು ರಗಳೆ. ದೊರೆ ಗೊತ್ತಲ್ಲ, ಯಾವಾಗಲೂ ರಾಜನ ಪಾತ್ರ ಮಾಡಿ ಆ ಹೆಸರೇ ಅಂಟಿಕೊಂಡವರು. ಮಗ ಸತ್ತ ಸುದ್ದಿ ಕೇಳುವ ದೃಶ್ಯದಲ್ಲಿ ಸುಮ್ಮನೆ ನಿಂತರು. ಮರೆತರು ಎಂದುಕೊಂಡು ನಾನು ಪಕ್ಕದಿಂದ ಮಾತು ಕೊಟ್ಟೆ. ಪರದೆ ಬಿದ್ದ ಮೇಲೆ ನನ್ನ ಹತ್ತಿರ ಬಂದರು. "ತಾಯಿ, ನಾನು ಮರ್ತಿರ್ಲಿಲ್ಲ. ಸುಮ್ಮನಿದ್ದೆ. ಆ ಸುಮ್ಮನಿರೋದೇ ಅಲ್ಲಿ ನನ್ನ ಮಾತು. ಅದರ ಮೇಲೆ ನಿಮ್ಮದನ್ನ ಹಾಕ್ಬಿಟ್ರಿ." ವಯಸ್ಸಾಯಿತು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಮಾತು ಕೊಡದೆ ಅವರು ನಿಜಕ್ಕೂ ಮರೆತಿದ್ದರೆ ಮಾನ ಯಾರದು ಹೋಗುತ್ತಿತ್ತು?

ಅಕ್ಕ

*

ಡಿಸೆಂಬರ್ 3

ಅಕ್ಕಾ,

ತಡವಾಯಿತು. ಕೆಲಸ ಜಾಸ್ತಿ. ಮೇಡಂ ಬರುವ ತಿಂಗಳು ದೊಡ್ಡ ಸಭೆಯೊಂದರಲ್ಲಿ ನನ್ನ ಕೆಲಸದ ಬಗ್ಗೆ ಮಾತಾಡುತ್ತಾರೆ. ಅದಕ್ಕೆ ಒಂದೆರಡು ಚಿಕ್ಕ ಪರೀಕ್ಷೆ ಬಾಕಿಯಿದೆ.

ಈ ಸಲ ಚಿತ್ರ ಇಲ್ಲ. ಗಿಣಿಗೆ ಮುತ್ತು.

ಪುಟ್ಟಿ

*

ಡಿಸೆಂಬರ್ 20

ಪುಟ್ಟಿ,

ಗಿಣಿ ನಿನ್ನ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು, ಬೆರಳು ಹಾಕಿ ಒಳಗೆ ತಡಕಿದಳು. "ರಾಣಿಗೆ ಜ್ವರಾನಾ?" ಎಂದು ಕೇಳಿದಳು. ನಾನು ಹೌದು ಅಂದೆ.

ನೀನು ಇಷ್ಟು ಚಿಕ್ಕ ಕಾಗದ ಬರೆದದ್ದು, ಹಾಸ್ಟೆಲಿನಲ್ಲಿ ಕಾಲು ಮುರಿದುಕೊಂಡು ಅಮ್ಮನಿಂದ ಮುಚ್ಚಿಟ್ಟಾಗ. ಏನಾಯಿತು? ನಿನ್ನ ಮೇಡಂ ಏನಾದರೂ ಅಂದರಾ? ನಾನು ಬಂದು ಮಾತಾಡಲಾ?

ಇಲ್ಲಿ ಏನೂ ಬದಲಾಗಿಲ್ಲ. ಶಾಲಾ ವರ್ಷ ಅರ್ಧ ಕಳೆಯಿತು.

ಅಕ್ಕ

*

ಜನವರಿ 9

ಅಕ್ಕಾ,

ನೀನು ಬಂದು ಮಾತಾಡುವುದು ಬೇಡ. (ನಗಬೇಡ, ನೀನು ಬಂದೇಬಿಡುತ್ತೀಯ ಎಂದು ನಿಜವಾಗಿ ಹೆದರಿದೆ.)

ನಾನು ತಪ್ಪು ಮಾಡಿದೆ. ಕಣ "ನಿಲ್ಲು" ಅನ್ನುವುದಿಲ್ಲ. ಅದು ಎಂದಿನಂತೆ "ನಡಿ" ಎಂದೇ ಹೇಳುತ್ತಿತ್ತು. ಕೋಶವನ್ನು ನಿಲ್ಲಿಸಿದ್ದು ನಾನು.

ನಮ್ಮ ಕೆಲಸದಲ್ಲಿ ಒಂದು ಪರೀಕ್ಷೆಯಿದೆ. ಅದೇ ಪ್ರೋಟೀನ್, ಅದೇ ದೀಪ, ಆದರೆ ಹಿಡಿಯುವ ಶಕ್ತಿಯನ್ನು ಮಾತ್ರ ಕೆಡಿಸಿದ ರೂಪವನ್ನು ಕೋಶದೊಳಗೆ ಬಿಟ್ಟು ನೋಡಬೇಕು. ಅದನ್ನು ನಾನು ಮೊದಲೇ ಮಾಡಬೇಕಿತ್ತು. ಹಿಡಿಯದ ದೀಪ ಅಂಚಿಗೆ ಹೋಗುವುದಿಲ್ಲ, ಬರೀ ಮಬ್ಬು ಮಬ್ಬಾಗಿರುತ್ತದೆ, ಅದರ ಚಿತ್ರ ಗಿಣಿಗೆ ಏನು ಕಳಿಸುವುದು ಎಂದು ಮುಂದಕ್ಕೆ ಹಾಕುತ್ತಾ ಬಂದೆ. ನವೆಂಬರಿನಲ್ಲಿ ಕೊನೆಗೂ ಮಾಡಿದೆ. ಆ ಕೋಶಗಳಲ್ಲೂ ಅಷ್ಟೇ ದೀಪಗಳು. ಆದರೆ ಅವು ಆರಾಮಾಗಿ ನಡೆದು ಹೋದವು.

ಅರ್ಥವಾಯಿತಾ? ಕಣ ಹುಟ್ಟುವುದು ಕೆಲವೇ ಕೆಲವು. ಅದರ ಮಾತು ಕೇಳಿ ಕೋಶವನ್ನು ಮುಂದೆ ತಳ್ಳಬೇಕಾದ, ಕೋಶದ ಸ್ವಂತ ಪ್ರೋಟೀನುಗಳು ಬೇರೆ ಇವೆ. ಅವು ಬರುವಷ್ಟರಲ್ಲಿ ನನ್ನ ದೀಪಗಳು ಮುತ್ತಿಕೊಂಡು ಒಂದೊಂದು ಕಣವನ್ನೂ ಹಿಡಿದುಬಿಟ್ಟಿದ್ದವು. ಬೇರೆಯವರಿಗೆ ಕೈಹಾಕಲು ಜಾಗವೇ ಇರಲಿಲ್ಲ. ಕಣ ಹುಟ್ಟಿತು, ಆದರೆ ಅದರ ಮಾತು ಯಾರಿಗೂ ತಲುಪಲಿಲ್ಲ. ನೋಡಲು ಹೋದವಳೇ ಬಾಯಿ ಮುಚ್ಚಿಸಿದೆ. ಕೋಶ ಪಾಪ ಬೆಳಗಿಕೊಂಡು ನಿಂತಿತು, ನಾನು ಎಷ್ಟು ಚೆಂದ ಎಂದು ಚಿತ್ರ ತೆಗೆದೆ. ಹೆಚ್ಚು ಹೊಳೆದದ್ದನ್ನೇ ಹುಡುಕಿ ಹುಡುಕಿ ಆರಿಸಿದವಳೂ ನಾನೇ.

ಒಂದು ತಿಂಗಳಿಗೂ ಹೆಚ್ಚು ಕಾಲ ಮೇಡಂಗೆ ಹೇಳದೆ ಇದ್ದೆ. ತಲೆಯ ಮೇಲಿಟ್ಟ ಆ ಕೈ ನೆನಪಾಗಿ ಬಾಯಿ ಬರಲಿಲ್ಲ. ನಿನ್ನೆ ಹೇಳಿದೆ. ಅವರು ಹಿಡಿಯದ ದೀಪದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದರು. ಆಮೇಲೆ "ಸಭೆಗೆ ಬರೋದಿಲ್ಲ ಅಂತ ಹೇಳ್ಬಿಡ್ತೀನಿ. ನೀನು ಮೊದಲಿಂದ ಮಾಡು. ದೀಪ ಕಮ್ಮಿ ಹಾಕು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಪುಟ್ಟಿ

*

ಜನವರಿ 27

ಪುಟ್ಟಿ,

ಕಾಗದ ಓದಿದೆ. ಹೇಳುವುದನ್ನು ನೇರವಾಗಿ ಹೇಳಬಹುದಿತ್ತು. ನೋಡಲು ಹೋದವಳೇ ಬಾಯಿ ಮುಚ್ಚಿಸಿದೆ, ಮುತ್ತಿಕೊಂಡೆ, ಜಾಗ ಬಿಡಲಿಲ್ಲ ಎಂದೆಲ್ಲ ಸುತ್ತಿ ಬಳಸಿ ಬರೆಯಬೇಕಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವ ಸುಖ ಏನು ಎಂದು ನಿನಗೇನು ಗೊತ್ತು? ನಿನ್ನ ಕೋಶ ಸತ್ತರೆ ಇನ್ನೊಂದು ತಟ್ಟೆ ತೆಗೆಯುತ್ತೀಯ. ನನಗಿರುವುದು ಒಬ್ಬಳೇ.

ಅಕ್ಕ

*

ಫೆಬ್ರವರಿ 4

ಅಕ್ಕಾ,

ನಿನ್ನ ಕಾಗದವನ್ನು ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಓದಿದೆ, ಎರಡು ಬಸ್ ತಪ್ಪಿದವು. ನಿನ್ನಾಣೆ, ನಾನು ಬರೆದದ್ದು ನನ್ನ ಕೋಶದ ಬಗ್ಗೆ, ನನ್ನ ದಡ್ಡತನದ ಬಗ್ಗೆ. ನೀನು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಈಗ ಮತ್ತೆ ಓದಿದರೆ ನಿನಗೆ ಹಾಗೇಕೆ ಕಂಡಿತು ಎಂದು ತಿಳಿಯುತ್ತದೆ, ತಿಳಿದು ಸಂಕಟವಾಗುತ್ತದೆ. ನಾಚಿಕೆ, ತಾನೇ ಹೋಗುತ್ತದೆ ಎಂದು ಬರೆದ ನಾನು ನಿನಗೆ ಬುದ್ಧಿ ಹೇಳುವ ಯೋಗ್ಯತೆ ಉಳಿಸಿಕೊಂಡಿಲ್ಲ. ಗಿಣಿಯನ್ನು ಕಳಿಸಬೇಕಾಗುತ್ತದೆ ಎನ್ನುವುದು ನಿಜವೆಂದು ಈಗಲೇ ನನಗೆ ತಟ್ಟಿದ್ದು. ಹೆದರಿಕೆಯಾಗುತ್ತಿದೆ ಅಕ್ಕಾ.

ಇಲ್ಲಿ ಮೊದಲಿಂದ ಶುರು ಮಾಡಿದ್ದೇನೆ. ದೀಪ ಎಷ್ಟು ಕಡಿಮೆಯೆಂದರೆ ಮೊದಮೊದಲು ಏನೂ ಕಾಣುವುದಿಲ್ಲ. ಕತ್ತಲೆಗೆ ಕಣ್ಣು ಒಗ್ಗುವವರೆಗೆ ಕೈ ಕಟ್ಟಿ ಕೂರುತ್ತೇನೆ. ಕೈ ತುರಿಸುತ್ತದೆ, ಬೆಳಕು ಹೆಚ್ಚು ಮಾಡೋಣ ಅನ್ನಿಸುತ್ತದೆ. ಹೆಚ್ಚು ಬೆಳಕು ಬಿದ್ದರೂ ಕೋಶಕ್ಕೆ ಪೆಟ್ಟು, ಅದಕ್ಕೇ ಸುಮ್ಮನಿರುತ್ತೇನೆ. ಇದ್ದು ಇದ್ದು, ಎಲ್ಲೋ ಒಂದು ಮಸುಕು ಅಂಚು. ಇತ್ತಾ, ಇಲ್ಲವಾ? ಇತ್ತು. ಕೋಶ ಆ ಕಡೆಗೆ ಮೈ ಚಾಚಿ ಹೊರಟುಬಿಡುತ್ತದೆ. ಮೊನ್ನೆ ಅದನ್ನು ನೋಡುತ್ತಾ ಕುರ್ಚಿಯಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಗಿಣಿ ಹಸಿರು ಅಂಗಿ ಹಾಕಿಕೊಂಡು ನನ್ನ ಮುಂದೆಯೇ ನಡೆದು ಹೋದಳು, ತಿರುಗಿ ನೋಡಲಿಲ್ಲ. ಎದ್ದಾಗ ಆ ಕೋಶ ಚೌಕಟ್ಟು ದಾಟಿ ಹೋಗಿತ್ತು.

ಅದರದೊಂದು ಚಿತ್ರ ಇಟ್ಟಿದ್ದೇನೆ. ಇದು ರಾಣಿಯಲ್ಲ, ಕಿಟಕಿಗೆ ಹಚ್ಚಿದರೆ ಅಂದವಿಲ್ಲ. ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರೆ ಮಾತ್ರ ಕಾಣುತ್ತದೆ. ಇದು ನಡೆಯುತ್ತಿರುವ ಕೋಶ ಎಂದು ಗಿಣಿಗೆ ಹೇಳು.

ಪುಟ್ಟಿ

*

ಮಾರ್ಚ್ 16

ಪುಟ್ಟಿ,

ಇಷ್ಟು ದಿನ ನಿನಗೆ ಬರೆಯದೆ ಇದ್ದದ್ದು ಕೋಪದಿಂದಲ್ಲ. ಮೊದಲ ವಾರ ಕೋಪದಿಂದ. ಆಮೇಲೆ ಬರೆಯಲು ಏನೂ ಇರಲಿಲ್ಲ, ಇದ್ದರೆ ಬರೀ ಹೆದರಿಕೆ ಇತ್ತು.

ನಿನ್ನ ಚಿತ್ರ ನೋಡಿ ನಾನು "ಏನೂ ಕಾಣಲ್ವಲ್ಲೇ" ಅಂದೆ. ಗಿಣಿ ಅದನ್ನು ಕಿಟಕಿಗೆ ಹಿಡಿದು ನಿಂತಳು. ನಿಂತೇ ಇದ್ದಳು. ಹಾಲು ಆರುತ್ತದೆ ಬಾ ಎಂದು ಕರೆಯಲು ಹೋದವಳು ಯಾಕೋ ಕರೆಯಲಿಲ್ಲ. ದೊರೆಯ ಮಾತು ನೆನಪಿಗೆ ಬಂತು. ಆಮೇಲೆ ಅವಳೇ "ಅಮ್ಮಾ, ಹೋಗ್ತಾ ಇದೆ" ಅಂದಳು. ಅವಳು ನೋಡುವವರೆಗೆ ನಾನು ಕಾದದ್ದು ಅದೇ ಮೊದಲೇನೋ.

ಮಾರನೆಯ ದಿನ ಅಂಚೆ ಕಚೇರಿಗೆ ಹೋಗಿದ್ದೆವು. ಕಿಟಕಿಯಾಕೆ ಬಗ್ಗಿ "ಏನು ಬೇಕು ಮರಿ?" ಎಂದು ಗಿಣಿಯನ್ನೇ ಕೇಳಿದಳು. ಲಕೋಟೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ. ಹಿಂದೆ ಸಾಲು ಬೆಳೆಯಿತು, ಒಬ್ಬರು "ಬೇಗ ಮಾಡ್ರಮ್ಮ" ಅಂದರು. ಗಿಣಿ ಬಾಯಿ ಬಿಡಲಿಲ್ಲ. ಬರಿಗೈಯಲ್ಲಿ ಹೊರಗೆ ಬಂದೆವು. ನಾನು ಸೋತು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅವಳು ನನ್ನ ಮುಖ ನೋಡಿದಳು. "ಅಮ್ಮ, ನೀನು ಹೇಳ್ಲಿಲ್ಲ."

"ಇಲ್ಲ."

"ನಾಳೆನೂ ಹೇಳಲ್ವಾ?"

"ಹೇಳಲ್ಲ."

ಅವಳು ಯೋಚನೆ ಮಾಡಿದಳು. "ಹಂಗಾದ್ರೆ ನಾಳೆ ಬರೋಣ." ಹೊಸಿಲ ಹೊರಗೆ, ಬೀದಿಯಲ್ಲಿ, ಜನರ ಮಧ್ಯೆ ನನ್ನೊಡನೆ ಮಾತಾಡಿದ್ದಾಳೆ ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಹಿಂದಿನ ಬೆಂಚು ಬಿಟ್ಟೆ. ಟೀಚರಿಗೆ ಹೇಳಿದೆ, ಹೆಸರು ಕರೆದ ಮೇಲೆ ಕಾಯಿರಿ, ಎಷ್ಟು ಹೊತ್ತಾದರೂ ಯಾರೂ ಅವಳ ಪರವಾಗಿ ಹೇಳಬೇಡಿ. ದಿನವೂ ಕರೆದರು, ದಿನವೂ ಕಾದರು. ನಾನು ಹೊರಗೆ ಕಾರಿಡಾರಿನ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ನನ್ನ ತುಟಿ ತಾನೇ ಆಡುತ್ತಿತ್ತು, ಸೆರಗು ಕಚ್ಚಿಕೊಳ್ಳುತ್ತಿದ್ದೆ. ಮೊದಮೊದಲು ಮಕ್ಕಳು ಕಿಸಕ್ಕೆಂದವು. ಆಮೇಲೆ ಅವಕ್ಕೂ ಕಾಯುವುದು ರೂಢಿಯಾಯಿತು. ದೊಡ್ಡ ಟೀಚರ್ ಮೇಜಿನ ಮೇಲೆ ಆ ಇನ್ನೊಂದು ಶಾಲೆಯ ಕಾಗದಪತ್ರ ತಯಾರಾಗಿ ಕುಳಿತಿತ್ತು.

ನಿನ್ನೆ ಟೀಚರ್ ಹೆಸರು ಕರೆದರು. ಗಿಣಿ ಎದ್ದು ನಿಂತಳು. ಚೀಲದಿಂದ ನಿನ್ನ ಚಿತ್ರ ತೆಗೆದು ನಾನಿದ್ದ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಆ ಕಡೆ ಅವಳು, ಈ ಕಡೆ ನಾನು, ಮಧ್ಯೆ ಆ ಮಬ್ಬು ಹಸಿರು. ಆಗ ಹೇಳಿದಳು, ಸಣ್ಣ ದನಿಯಲ್ಲಿ, ಆದರೆ ಸ್ಪಷ್ಟವಾಗಿ:

"ಇದು ನಡೀತಾ ಇದೆ ಟೀಚರ್. ಕಾಯ್ಬೇಕು, ಆಮೇಲೆ ಕಾಣುತ್ತೆ."

ಮಕ್ಕಳೆಲ್ಲ ಬೆಂಚು ಹಾರಿ ಅವಳ ಸುತ್ತ ಮುತ್ತಿಕೊಂಡವು. ಎಲ್ಲಿ, ಎಲ್ಲಿ ಎಂದು ಒಂದೇ ಗಲಾಟೆ. ಅವಳು ಬೆರಳಿಟ್ಟು ತೋರಿಸುತ್ತಿದ್ದಳು. ನಾನು ಗೋಡೆಗೆ ಮುಖ ಮಾಡಿ ಅತ್ತೆ ಪುಟ್ಟಿ. ಯಾರಾದರೂ ನೋಡಿದರೆ ನೋಡಲಿ ಅನ್ನಿಸಿತು. ಎಷ್ಟೋ ನಾಟಕದ ಮಾತು ನನ್ನ ಬಾಯಲ್ಲಿದೆ, ಈ ಮಾತು ಯಾವುದರಲ್ಲೂ ಇರಲಿಲ್ಲ.

ದೊಡ್ಡ ಟೀಚರ್ ಆ ಕಾಗದಪತ್ರ ಸದ್ಯಕ್ಕೆ ಒಳಗಿಡುತ್ತೇನೆ ಅಂದರು. ಸದ್ಯಕ್ಕೆ ಎಂದೇ ಅಂದರು. ನನಗೆ ಅಷ್ಟು ಸಾಕು.

ಒಂದು ಕೆಲಸ ಹೇಳುತ್ತೇನೆ, ಮಾಡು. ಈ ಕಾಗದ ತಲುಪಿದ ಮೇಲೆ ಬರುವ ಭಾನುವಾರ ನಿನಗೆ ಫೋನ್ ಬರುತ್ತದೆ. ನಂಬರ್ ಅವಳೇ ಒತ್ತುತ್ತಾಳಂತೆ, ನನ್ನನ್ನು ಅಡುಗೆಮನೆಯಲ್ಲಿ ಕೂರಲು ಹೇಳಿದ್ದಾಳೆ. ನೀನು ಎತ್ತಿ ಒಂದು ಸಲ ಹಲೋ ಅನ್ನು. ಆಮೇಲೆ ಆ ಕಡೆಯಿಂದ ಏನೂ ಕೇಳಿಸದಿದ್ದರೆ ಲೈನ್ ಕಟ್ಟಾಯಿತೆಂದು ಇಡಬೇಡ, ಗಿಣಿಯಾ ಎಂದು ಕೇಳಬೇಡ. ಅವಳು ಇರುತ್ತಾಳೆ. ನೀನೂ ಇರು.

ಅಕ್ಕ